ಮಿಕ್ಕ ಹುಳಿಹಿಟ್ಟಿನ ಗರಿಗರಿ ಕ್ರ್ಯಾಕರ್

ಸೋರ್‌ಡೋ ಬ್ರೆಡ್ ಮಾಡುವವರ ಮನೆಯಲ್ಲಿ ಹಿಟ್ಟು ಮಿಗುತ್ತಲೇ ಇರುತ್ತದೆ. ಹಿಟ್ಟಿನಲ್ಲೇ ಇರುವ ಯೀಸ್ಟ್ ಮತ್ತು ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಮಾಡಿಕೊಂಡ ಸ್ಟಾರ್ಟರನ್ನು ಹೊರಗಿಟ್ಟರೆ ದಿನವೂ ಅದಕ್ಕೆ ಹೊಸ ಹಿಟ್ಟು, ನೀರು ಉಣಿಸಬೇಕು. 100 ಗ್ರಾಂ ಸ್ಟಾರ್ಟರ್‌ಗೆ ಅಷ್ಟೇ ಹಿಟ್ಟು, ಅಷ್ಟೇ ನೀರು ಬಿದ್ದರೆ 300 ಗ್ರಾಂ ಆಯಿತು. ಏನೂ ತೆಗೆಯದೆ ಹೀಗೇ ನಾಲ್ಕು ಸಲ ಉಣಿಸಿದರೆ ಎಂಟು ಕಿಲೋ ದಾಟುತ್ತದೆ. ಅದಕ್ಕೇ ಪ್ರತಿ ಸಲ ಒಂದು ಪಾಲು ತೆಗೆದುಹಾಕುತ್ತಾರೆ. 2020ರ ಲಾಕ್‌ಡೌನಿನಲ್ಲಿ ಅಂಗಡಿಗಳಲ್ಲಿ ಯೀಸ್ಟ್ ಸಿಗದೆ ಲೋಕದ ಎಷ್ಟೋ ಅಡುಗೆಮನೆಗಳಲ್ಲಿ ಸ್ಟಾರ್ಟರ್ ಹುಟ್ಟಿಕೊಂಡಾಗ, ಈ ಮಿಕ್ಕ ಹಿಟ್ಟನ್ನು ಏನು ಮಾಡುವುದು ಎಂಬ ಪ್ರಶ್ನೆಯೂ ಹುಟ್ಟಿತು. ಅದಕ್ಕೆ ಸಿಕ್ಕ ಉತ್ತರಗಳಲ್ಲಿ ನನಗೆ ಎಲ್ಲಕ್ಕಿಂತ ಸರಿ ಎನಿಸಿದ್ದು ಕ್ರ್ಯಾಕರ್.

ಜನ ಸ್ಟಾರ್ಟರನ್ನು ಕಾಪಾಡುವ ಜತನ ನೋಡಿದರೆ ಅದನ್ನು ಸಿಂಕಿಗೆ ಸುರಿಯಲು ಕೈ ಬರುವುದಿಲ್ಲ. ಅಮೆರಿಕದ ಕಾರ್ಲ್ ಗ್ರಿಫಿತ್ ಅವರ ಮನೆತನದ ಸ್ಟಾರ್ಟರ್ 1847ರಲ್ಲಿ ಗಾಡಿಗಳ ಜೊತೆ ಆರೆಗಾನ್‌ಗೆ ಬಂದದ್ದು ಎಂದು ಆ ಮನೆಯವರ ಹೇಳಿಕೆ. ಅಂಚೆಚೀಟಿ ಹಚ್ಚಿದ ಲಕೋಟೆ ಕಳಿಸಿದವರಿಗೆಲ್ಲ ಗ್ರಿಫಿತ್ ಅದನ್ನು ಒಣಗಿಸಿ ಪುಕ್ಕಟೆ ಕಳಿಸುತ್ತಿದ್ದರು. 2000ರಲ್ಲಿ ಅವರು ತೀರಿಕೊಂಡ ಮೇಲೂ ಸ್ನೇಹಿತರು ಆ ಕೆಲಸ ಮುಂದುವರಿಸಿದರು.

ಹುಳಿಹಿಟ್ಟಿನ ಕ್ರ್ಯಾಕರ್ ಹೊಸ ಶೋಕಿಯೇನಲ್ಲ. ಕಾರ್ಖಾನೆಯ ಸೋಡಾ ಕ್ರ್ಯಾಕರ್‌ಗೂ ಹಳೆಯ ಪದ್ಧತಿಯಲ್ಲಿ ಮೊದಲು ಹಿಟ್ಟನ್ನು ಹದಿನಾರು ಗಂಟೆಗೂ ಮೇಲೆ ಹುಳಿ ಬರಿಸುತ್ತಾರೆ. ಆಮೇಲೆ ಅಡುಗೆ ಸೋಡಾ ಹಾಕಿ ಆ ಹುಳಿಯನ್ನು ಮುರಿಯುತ್ತಾರೆ. ಮನೆಯಲ್ಲಿ ಮಾಡುವವರು ಹುಳಿಯನ್ನು ಉಳಿಸಿಕೊಳ್ಳುತ್ತಾರೆ, ರುಚಿ ಇರುವುದೇ ಅದರಲ್ಲಿ. ಬ್ರೆಡ್‌ಗೆ ಬೇಕಾದ ಉಬ್ಬುವ ಕಸುವು ಇಲ್ಲಿ ಬೇಕಿಲ್ಲ. ಹಾಗಾಗಿ ಫ್ರಿಜ್‌ನಲ್ಲಿ ವಾರಗಟ್ಟಲೆ ಕೂತು ಸೊರಗಿದ ಹಿಟ್ಟೂ ನಡೆಯುತ್ತದೆ, ಅದರದೇ ರುಚಿ ಹೆಚ್ಚು ಎಂಬುದು ನನ್ನ ಅನುಭವ. ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ ಕಂಡರೆ, ಬೂಷ್ಟು ಹಿಡಿದಿದ್ದರೆ ಮಾತ್ರ ಯೋಚಿಸದೆ ಎಸೆಯಬೇಕು.

200 ಗ್ರಾಂ ಸ್ಟಾರ್ಟರ್‌ಗೆ 100 ಗ್ರಾಂ ಗೋಧಿಹಿಟ್ಟು, 50 ಗ್ರಾಂ ಮೆತ್ತಗಿನ ಬೆಣ್ಣೆ, ಅರ್ಧ ಚಮಚ ಉಪ್ಪು. ನಮ್ಮ ಚಪಾತಿ ಹಿಟ್ಟೇ ಸಾಕು. ಪಾಶ್ಚಾತ್ಯರು ರೋಸ್‌ಮೆರಿ ಹಾಕುತ್ತಾರೆ. ನಾನು ಓಮ, ಕುಟ್ಟಿದ ಮೆಣಸು, ಸಣ್ಣಗೆ ಹೆಚ್ಚಿದ ಕರಿಬೇವು ಹಾಕುತ್ತೇನೆ. ಅಯ್ಯಂಗಾರ್ ಬೇಕರಿಯ ಖಾರ ಬಿಸ್ಕತ್ತು ತಿಂದು ಬೆಳೆದ ನಾಲಿಗೆಗೆ ಇದು ಹತ್ತಿರ. ಕಲಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ಬೆಣ್ಣೆ ಗಟ್ಟಿಯಾಗಿ ಹಿಟ್ಟು ಕೈಗೆ ಅಂಟುವುದಿಲ್ಲ.

ಇದರ ಕಸುಬೆಲ್ಲ ಲಟ್ಟಿಸುವುದರಲ್ಲಿದೆ. ಎರಡು ಬೇಕಿಂಗ್ ಪೇಪರ್‌ಗಳ ನಡುವೆ ಹಿಟ್ಟಿಟ್ಟು, ನಡುವಿನಿಂದ ಅಂಚಿಗೆ ಲಟ್ಟಣಿಗೆ ಓಡಿಸಬೇಕು. ಹುಳಿ ಗೋಧಿಯ ಜಿಗುಟನ್ನು ಸಡಿಲಿಸಿರುವುದರಿಂದ ಹಾಳೆ ಹಿಂದಕ್ಕೆ ಎಳೆದುಕೊಳ್ಳುವುದು ಕಡಿಮೆ. ಎರಡು ಮಿಲಿಮೀಟರಿಗಿಂತ ದಪ್ಪವಾದರೆ ಅದು ಕ್ರ್ಯಾಕರ್ ಆಗದು, ಗಟ್ಟಿ ರೊಟ್ಟಿಯ ಚೂರಾದೀತು. ದಪ್ಪ ಎಲ್ಲೆಡೆ ಒಂದೇ ಇರಲಿ. ಇಲ್ಲವಾದರೆ ಅಂಚು ಸೀದು ನಡು ಹಸಿಯಾಗಿ ಉಳಿಯುತ್ತದೆ. ಮೇಲಿನ ಪೇಪರ್ ತೆಗೆದು, ಕರ್ಜಿಕಾಯಿ ಅಂಚು ಕತ್ತರಿಸುವ ಚಕ್ರದಿಂದ ಚೌಕ ಗೆರೆ ಎಳೆದು, ಪ್ರತಿ ಚೌಕಕ್ಕೂ ಫೋರ್ಕಿನಿಂದ ಚುಚ್ಚಬೇಕು. ಆವಿ ಆ ತೂತುಗಳಿಂದ ಹೊರಹೋಗುತ್ತದೆ, ಚೌಕ ಪೂರಿಯಂತೆ ಉಬ್ಬುವುದಿಲ್ಲ.

175 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 25 ನಿಮಿಷ. ಅರ್ಧದಲ್ಲಿ ತಟ್ಟೆ ತಿರುಗಿಸಬೇಕು, ಮನೆಯ ಓವನ್‌ಗಳಲ್ಲಿ ಹಿಂಬದಿಯ ಶಾಖವೇ ಹೆಚ್ಚು. ಹುದುಗುವಾಗ ಬಿಡುಗಡೆಯಾದ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಶಾಖಕ್ಕೆ ಸೇರಿ ಆ ಹೊಂಬಣ್ಣ, ಹುರಿದ ಕಾಳಿನಂಥ ಪರಿಮಳ ಹುಟ್ಟುತ್ತದೆ. ಬೆಳ್ಳಗಿರುವಾಗಲೇ ತೆಗೆದರೆ ಒಳಗೆ ತೇವ ಉಳಿದು ಮರುದಿನ ಮೆತ್ತಗಾಗುತ್ತದೆ. ಅಂಚಿನ ಚೌಕಗಳು ಮೊದಲು ಬೇಯುತ್ತವೆ. ಅವನ್ನು ತೆಗೆದು ನಡುವಿನವನ್ನು ಮತ್ತೆ ಒಳಗಿಡುವುದೇ ಸರಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿದರೆ ವಾರ ಇರುತ್ತದೆ. ಮಳೆಗಾಲದಲ್ಲಿ ಮೆತ್ತಗಾದರೆ ಐದು ನಿಮಿಷ ಬಿಸಿ ಓವನ್‌ನಲ್ಲಿಟ್ಟು ಆರಿಸಿದರೆ ಮತ್ತೆ ಗರಿಗರಿ.