ಕಲಬುರಗಿ ಜಿಲ್ಲೆಯ ಒಣಭೂಮಿಯಲ್ಲಿ ಹೊರಾಂಗಣ ವಿಹಾರ ಮತ್ತು ಸಾಹಸ ಚಟುವಟಿಕೆಗಳು: ಸಾರ್ವಜನಿಕ ಮಾಹಿತಿ

ಪೀಠಿಕೆ

ಕರ್ನಾಟಕ ರಾಜ್ಯದಲ್ಲಿ ಮರುಭೂಮಿ ಇರುವುದಿಲ್ಲ. ಆದರೆ ಈಶಾನ್ಯ ಭಾಗದ ಕಲಬುರಗಿ ಜಿಲ್ಲೆಯು ಅರೆಶುಷ್ಕ ಹವಾಗುಣವನ್ನು ಹೊಂದಿದ ಪ್ರದೇಶವಾಗಿದೆ. ಮೇ ತಿಂಗಳಿನಲ್ಲಿ ಇಲ್ಲಿನ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಈ ಕಾರಣದಿಂದಲೇ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8.00ರಿಂದ ಮಧ್ಯಾಹ್ನ 1.30ರವರೆಗೆ ಬದಲಾಯಿಸುವ ಪದ್ಧತಿ ಬೆಳೆದುಬಂದಿದೆ. ಕಚೇರಿಗೆ ಅನ್ವಯಿಸುವ ಈ ವಿವೇಕವು ವಿಹಾರಕ್ಕೂ ಅನ್ವಯಿಸುತ್ತದೆ. ಜಿಲ್ಲೆಯ ವಿಹಾರ ತಾಣಗಳು, ಅವುಗಳಿಗೆ ಸೂಕ್ತವಾದ ಕಾಲ ಹಾಗೂ ವಹಿಸಬೇಕಾದ ಎಚ್ಚರಿಕೆಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಕೆಳಗೆ ವಿವರಿಸಲಾಗಿದೆ.

ಸೂಕ್ತ ಕಾಲ

ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿಯು ನಡಿಗೆ, ಚಾರಣ ಹಾಗೂ ಸೈಕಲ್ ಸವಾರಿಗೆ ಅತ್ಯಂತ ಪ್ರಶಸ್ತವಾಗಿರುತ್ತದೆ. ಮಳೆಗಾಲದಲ್ಲಿ ಕಪ್ಪು ಎರೆ ಮಣ್ಣು ಜಿಗುಟಾಗಿ ಬಂಡಿ ದಾರಿಗಳಲ್ಲಿ ಸೈಕಲ್ ಚಕ್ರ ತಿರುಗದಂತಾಗುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರಿದು ಆಳವಾದ ಬಿರುಕುಗಳುಂಟಾಗುತ್ತವೆ. ಹಾವು ಚೇಳುಗಳು ಅವುಗಳಲ್ಲಿ ಆಶ್ರಯ ಪಡೆಯುವ ಸಂಭವವಿರುತ್ತದೆ. ಆದುದರಿಂದ ಹೊಲಗಳಲ್ಲಿ ಸಂಚರಿಸುವವರು ಕಣಕಾಲು ಮುಚ್ಚುವ ಪಾದರಕ್ಷೆ ಧರಿಸುವುದು ಅವಶ್ಯ.

ಪ್ರಮುಖ ತಾಣಗಳು

1. ಕಲಬುರಗಿ ನಗರ: 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದ ಮೊದಲ ರಾಜಧಾನಿ ಇದಾಗಿದ್ದಿತು. ಕೋಟೆಯೊಳಗಿನ ಜಾಮಿಯಾ ಮಸೀದಿಯನ್ನು 1367ರಲ್ಲಿ ನಿರ್ಮಿಸಲಾಯಿತು. ತೆರೆದ ಅಂಗಳವಿಲ್ಲದೆ ಸಂಪೂರ್ಣವಾಗಿ ಗುಮ್ಮಟಗಳಿಂದ ಮುಚ್ಚಲ್ಪಟ್ಟಿರುವುದು ಇದರ ವೈಶಿಷ್ಟ್ಯ. ಕೋಟೆ, ಹಫ್ತ್ ಗುಂಬಜ್ ಹಾಗೂ ಶರಣಬಸವೇಶ್ವರ ಕೆರೆಯ ದಂಡೆಯನ್ನು ಬೆಳಗಿನ ನಡಿಗೆಯಲ್ಲಿ ನೋಡಬಹುದು. ನಗರದ ಅಂಚಿನ ಶರಣಸಿರಸಗಿಯಂತಹ ಗ್ರಾಮಗಳ ಹೊಲದ ದಾರಿಗಳು ಮುಂಜಾನೆಯ ಸೈಕಲ್ ಸವಾರಿಗೆ ಅನುಕೂಲವಾಗಿವೆ. ಬಿತ್ತಿದ ಹೊಲದೊಳಗೆ ಇಳಿಯದೆ ಬದುವಿನ ಮೇಲೆಯೇ ಸಾಗತಕ್ಕದ್ದು.

2. ಕಮಲಾಪುರ: ಕೆಂಪು ಬಾಳೆಗೆ ಹೆಸರಾದ ಈ ತಾಲ್ಲೂಕು ನಗರದಿಂದ ಹುಮನಾಬಾದ್ ಕಡೆಗೆ ಹೋಗುವ ರಸ್ತೆಯಲ್ಲಿದೆ. 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲು ಮಾರ್ಗವೂ ಈ ಭಾಗದಿಂದ ಹಾದುಹೋಗುತ್ತದೆ. ಬಯಲಿಗಿಂತ ಭಿನ್ನವಾದ ಏರುತಗ್ಗಿನ ಭೂಮಿ ಇಲ್ಲಿರುವುದರಿಂದ ನಡಿಗೆಗೆ ಸೊಗಸಾಗಿದೆ.

3. ಚಿಂಚೋಳಿ ವನ್ಯಜೀವಿ ಧಾಮ: 2011ರಲ್ಲಿ ಘೋಷಿಸಲ್ಪಟ್ಟ ಈ ಧಾಮದ ವಿಸ್ತೀರ್ಣ ಸುಮಾರು 134 ಚದರ ಕಿಲೋಮೀಟರ್. ಒಣಭೂಮಿಯ ಈ ಅರಣ್ಯದಲ್ಲಿ ಕೃಷ್ಣಮೃಗ, ತೋಳ, ಕತ್ತೆಕಿರುಬ ಮೊದಲಾದ ಪ್ರಾಣಿಗಳಿವೆ. ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಗುಡ್ಡಗಳು ಚಾರಣಿಗರನ್ನು ಆಕರ್ಷಿಸುತ್ತವೆ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರನ್ವಯ ಧಾಮದ ಪ್ರವೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ.

4. ಮಳಖೇಡ: ಕಾಗಿಣಾ ನದಿಯ ದಂಡೆಯಲ್ಲಿರುವ ಇದು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಾಗಿದ್ದಿತು. ಕೋಟೆಯ ಅವಶೇಷಗಳನ್ನು ಅರ್ಧ ದಿನದಲ್ಲಿ ನೋಡಬಹುದಾಗಿದೆ.

ಬಂಡೆ ಏರುವಿಕೆಯನ್ನು ಕ್ರಮಬದ್ಧವಾಗಿ ಕಲಿಯಲಿಚ್ಛಿಸುವವರು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧೀನದಲ್ಲಿರುವ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯನ್ನು ಸಂಪರ್ಕಿಸಬಹುದು. ಕೋಟೆಯ ಗೋಡೆಗಳನ್ನು ಏರುವುದು ಸಾಹಸವಲ್ಲ, ಅಪರಾಧ. ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ ಹಾನಿಯುಂಟುಮಾಡಿದಲ್ಲಿ ಎರಡು ವರ್ಷಗಳವರೆಗೆ ಕಾರಾವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಸಾಂಪ್ರದಾಯಿಕ ವಿಹಾರ

ಹೊರಾಂಗಣ ವಿಹಾರವು ಈ ಭಾಗದ ಜನತೆಗೆ ಹೊಸದೇನಲ್ಲ. ಎಳ್ಳ ಅಮಾವಾಸ್ಯೆಯಂದು ಕುಟುಂಬದವರೆಲ್ಲರೂ ಹೊಲಕ್ಕೆ ತೆರಳಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆಗಳನ್ನು ನೆಂಟರಿಷ್ಟರೊಡನೆ ಉಣ್ಣುವ ಪದ್ಧತಿ ಇಂದಿಗೂ ಜೀವಂತವಾಗಿದೆ. ನಾಗರ ಪಂಚಮಿಯ ಜೋಕಾಲಿ, ಕಾರ ಹುಣ್ಣಿಮೆಯ ಎತ್ತಿನ ಓಟ, ಜಾತ್ರೆಗಳಲ್ಲಿನ ಕುಸ್ತಿ ಇವೆಲ್ಲವೂ ಋತುಮಾನವನ್ನು ಅರಿತು ರೂಢಿಗೆ ಬಂದವು. ಕಡುಬೇಸಿಗೆಯ ನಡುಹಗಲಿನಲ್ಲಿ ಹಿರಿಯರು ಹೊಲದ ಕೆಲಸವನ್ನೂ ನಿಲ್ಲಿಸುತ್ತಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು.

ಬಿಸಿಲಿನಿಂದ ರಕ್ಷಣೆ

ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಹೊರಗೆ ಸಂಚರಿಸಬಾರದು. ಬಾಯಾರಿಕೆಗೆ ಕಾಯದೆ ಆಗಾಗ್ಗೆ ನೀರು, ಮಜ್ಜಿಗೆ ಸೇವಿಸಬೇಕು. ದಾರಿಯಲ್ಲಿ ನೀರು ದೊರೆಯುವುದೆಂದು ಭಾವಿಸದೆ, ಹೋಗಿಬರುವ ಎರಡೂ ಹಾದಿಗೆ ಸಾಲುವಷ್ಟು ನೀರನ್ನು ಜೊತೆಯಲ್ಲಿ ಒಯ್ಯಬೇಕು. ತಲೆಸುತ್ತು, ವಾಕರಿಕೆ ಕಂಡುಬಂದ ಕೂಡಲೇ ನೆರಳು ಸೇರಬೇಕು. ಮಾತು ತೊದಲುವುದು, ದಿಕ್ಕು ತೋಚದಂತಾಗುವುದು, ಪ್ರಜ್ಞೆ ತಪ್ಪುವುದು ಶಾಖಾಘಾತದ ಲಕ್ಷಣಗಳಾಗಿದ್ದು, ಪ್ರಾಣಾಪಾಯವನ್ನು ಸೂಚಿಸುತ್ತವೆ. ಅಂತಹವರನ್ನು ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ನೀರಿನ ಅಪಾಯ

ಒಣಪ್ರದೇಶದಲ್ಲಿ ನೀರು ಕಂಡಲ್ಲಿ ಮನಸ್ಸು ಅತ್ತ ಸೆಳೆಯುವುದು ಸಹಜ. ರಜಾ ದಿನಗಳಲ್ಲಿ ಮಕ್ಕಳು ಈಜಲು ಇಳಿಯುವುದೂ ಇಂತಹ ಸ್ಥಳಗಳಲ್ಲಿಯೇ. ಶಹಾಬಾದ್ ಸುತ್ತಲಿನ ಫರಸಿ ಕಲ್ಲಿನ ಹಳೆಯ ಗಣಿಗಳಲ್ಲಿ ನಿಂತ ನೀರು ಕೆರೆಯಂತೆ ತೋರಿದರೂ ಅದು ಕೆರೆಯಲ್ಲ. ಕೆರೆಯ ಅಂಚು ಇಳಿಜಾರಾಗಿರುತ್ತದೆ. ಗಣಿಯ ಅಂಚು ಗೋಡೆಯಂತೆ ನೇರವಾಗಿರುತ್ತದೆ. ಮೊದಲ ಹೆಜ್ಜೆಯಲ್ಲೇ ನೆಲ ಸಿಗದಂತಾಗಿ, ಮರಳಿ ಹತ್ತಲು ಆಸರೆಯೂ ದೊರೆಯುವುದಿಲ್ಲ.

ಭೀಮಾ ನದಿಯ ದಂಡೆಯಲ್ಲಿ ಇನ್ನೊಂದು ಬಗೆಯ ಅಪಾಯವಿದೆ. ಇಲ್ಲಿ ಮಳೆಯಿಲ್ಲದಿದ್ದರೂ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟಾಗ ನದಿಯ ಮಟ್ಟ ಏರುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಪ್ರವಾಹದಿಂದ ದಂಡೆಯ ಗ್ರಾಮಗಳು ಜಲಾವೃತವಾಗಿದ್ದವು. ಆಕಾಶ ನೋಡಿ ನದಿಯನ್ನು ಅಂದಾಜಿಸುವುದು ಸರಿಯಲ್ಲ. ಜಿಲ್ಲಾಡಳಿತದ ಪ್ರಕಟಣೆಯನ್ನು ಗಮನಿಸಬೇಕು.

ಯಾರಾದರೂ ಮುಳುಗುತ್ತಿದ್ದಲ್ಲಿ, ತರಬೇತಿ ಇಲ್ಲದವರು ನೀರಿಗೆ ಜಿಗಿಯಬಾರದು. ಒಬ್ಬರನ್ನು ಉಳಿಸಹೋಗಿ ಇನ್ನೊಬ್ಬರು ಜೀವ ಕಳೆದುಕೊಳ್ಳುವ ಸಾಧ್ಯತೆಯಿರುತ್ತದೆ. ಹಗ್ಗ, ಸೀರೆ, ರುಮಾಲು ಅಥವಾ ಖಾಲಿ ಕೊಡವನ್ನು ಎಸೆದು, ಕೂಗಿ ಜನರನ್ನು ಸೇರಿಸಬೇಕು.

ತುರ್ತು ದೂರವಾಣಿ ಸಂಖ್ಯೆಗಳು

ತುರ್ತು ಸ್ಪಂದನ (ಪೊಲೀಸ್, ಅಗ್ನಿಶಾಮಕ): 112
ಆಂಬ್ಯುಲೆನ್ಸ್: 108
ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ: 1077
ಅರಣ್ಯ ಸಹಾಯವಾಣಿ: 1926

ಹೊರಡುವ ಮುನ್ನ ಹೋಗುವ ಸ್ಥಳ ಹಾಗೂ ಮರಳುವ ವೇಳೆಯನ್ನು ಮನೆಯವರಿಗೆ ತಿಳಿಸಿ ಹೋಗತಕ್ಕದ್ದು. ಪಾಲಕರು ಮತ್ತು ಶಿಕ್ಷಕರು ಈ ಮಾಹಿತಿಯನ್ನು, ವಿಶೇಷವಾಗಿ ಗಣಿ ನೀರಿನ ಅಪಾಯವನ್ನು, ಬೇಸಿಗೆ ರಜೆ ಆರಂಭವಾಗುವ ಮೊದಲೇ ಮಕ್ಕಳಿಗೆ ಮನದಟ್ಟು ಮಾಡಿಕೊಡಬೇಕೆಂದು ಕೋರಲಾಗಿದೆ.