ನಳ ಬಂದರೆ ಕೂಗುವ ಗಂಟೆ: ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ?

ಎಲೆಕ್ಟ್ರಾನಿಕ್ಸ್ ಕೈಗೆ ಹಿಡಿಯಬೇಕೆಂಬ ಆಸೆ ಹಲವರಿಗಿದೆ. ಆದರೆ ಎಲ್ಲಿಂದ ಶುರು ಮಾಡಬೇಕು ಎಂಬಲ್ಲೇ ನಿಂತುಬಿಡುತ್ತಾರೆ. ಕೆಲವರು ಎರಡು ಸಾವಿರ ರೂಪಾಯಿಯ ಕಿಟ್ ತರಿಸುತ್ತಾರೆ, ಒಂದು ದೀಪ ಮಿನುಗಿಸುತ್ತಾರೆ, ಆಮೇಲೆ ಡಬ್ಬಿ ಅಟ್ಟ ಸೇರುತ್ತದೆ. ಮನೆಗೆ ಬೇಕಾದ ವಸ್ತುವನ್ನೇ ಮೊದಲು ಮಾಡಿದರೆ ಹಾಗಾಗುವುದಿಲ್ಲ. ಹುಬ್ಬಳ್ಳಿ-ಧಾರವಾಡದವರಿಗೆ ಅಂಥ ವಸ್ತು ಯಾವುದೆಂದು ಹುಡುಕುತ್ತ ಹೋಗಬೇಕಿಲ್ಲ. ನಳ ಯಾವಾಗ ಬರುತ್ತದೆ ಎಂಬುದೇ ಇಲ್ಲಿಯ ಎಷ್ಟೋ ಮನೆಗಳ ದೊಡ್ಡ ಚಿಂತೆ.

ಅವಳಿ ನಗರಕ್ಕೆ ಸವದತ್ತಿಯ ರೇಣುಕಾ ಸಾಗರದಿಂದ ಮಲಪ್ರಭೆಯ ನೀರು ಬರುತ್ತದೆ. ಕಲಘಟಗಿ ಕಡೆಯ ನೀರಸಾಗರ ಅದಕ್ಕಿಂತ ಹಳೆಯ ಆಸರೆ. 2008ರ ಸುಮಾರಿಗೆ ಕೆಲವು ವಾರ್ಡ್‌ಗಳಲ್ಲಿ ದಿನದ 24 ತಾಸೂ ನೀರು ಕೊಡುವ ಪ್ರಯೋಗ ಶುರುವಾಯಿತು. ಆದರೂ ಬಹಳಷ್ಟು ಓಣಿಗಳಲ್ಲಿ ದಿನಗಟ್ಟಲೆ ಕಾಯುವುದು ತಪ್ಪಿಲ್ಲ. ನಡುರಾತ್ರಿ ನೀರು ಬಿಟ್ಟರೆ ಮಲಗಿದವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗಿ ಎದ್ದು ಮೋಟರ್ ಹಾಕಿ ಮಲಗಿದರೆ, ಮೇಲಿನ ಟಾಕಿ ತುಂಬಿ ಹರಿದದ್ದು ಬೆಳಗಿನವರೆಗೆ ತಿಳಿಯುವುದಿಲ್ಲ. ಈ ಎರಡೂ ಹೊತ್ತಿನಲ್ಲಿ ಕೂಗಿ ಎಬ್ಬಿಸುವ ಗಂಟೆಗಳನ್ನು, ಒಂದಕ್ಕೆ ಇನ್ನೂರು-ಇನ್ನೂರೈವತ್ತು ರೂಪಾಯಿಯ ಬಿಡಿಭಾಗಗಳಲ್ಲಿ, ಮಾಡಿಕೊಳ್ಳಬಹುದು. ಹೈಸ್ಕೂಲ್ ಓದುವ ಮಕ್ಕಳೂ ಒಂದು ರವಿವಾರದಲ್ಲಿ ಮುಗಿಸಬಹುದು.

ಇದು ಕೆಲಸ ಮಾಡುವ ಬಗೆ

ನಳದ ನೀರಿನಲ್ಲಿ ಸ್ವಲ್ಪ ಲವಣ ಕರಗಿರುತ್ತದೆ. ಹಾಗಾಗಿ ಅದರೊಳಗೆ ವಿದ್ಯುತ್ ಸಣ್ಣದಾಗಿ ಹರಿಯುತ್ತದೆ. ಎರಡು ಸ್ಟೀಲ್ ತಿರುಪುಗಳನ್ನು ನೀರಿನಲ್ಲಿಟ್ಟು ಬ್ಯಾಟರಿ ಜೋಡಿಸಿದರೆ ಒಂದು ಮಿಲಿಆಂಪಿಯರ್‌ಗಿಂತಲೂ ಕಡಿಮೆ ಪ್ರವಾಹ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಒಂದು ಮಿಲಿಆಂಪಿಯರ್ ಎಂದರೆ ಆಂಪಿಯರ್‌ನ ಸಾವಿರದಲ್ಲಿ ಒಂದು ಪಾಲು. ಗಂಟೆ ಕೂಗಲು ಅಷ್ಟು ಸಾಲದು. ಅದಕ್ಕೆ ಟ್ರಾನ್ಸಿಸ್ಟರ್ ಬೇಕು.

ಟ್ರಾನ್ಸಿಸ್ಟರ್‌ಗೆ ಮೂರು ಕಾಲು: ಕಲೆಕ್ಟರ್, ಬೇಸ್, ಎಮಿಟರ್. ಬೇಸ್‌ಗೆ ಸಣ್ಣ ಪ್ರವಾಹ ಕೊಟ್ಟರೆ ಕಲೆಕ್ಟರ್‌ನಿಂದ ಎಮಿಟರ್‌ಗೆ ಅದರ ನೂರಾರು ಪಟ್ಟು ಪ್ರವಾಹ ಹರಿಯುತ್ತದೆ. ಎರಡು ಬೆರಳಿನಲ್ಲಿ ನಲ್ಲಿ ತಿರುವಿ ಪೈಪಿನ ನೀರನ್ನೆಲ್ಲ ಹಿಡಿತದಲ್ಲಿ ಇಟ್ಟುಕೊಂಡ ಹಾಗೆ. ಒಂದು ಟ್ರಾನ್ಸಿಸ್ಟರ್‌ನ ಎಮಿಟರನ್ನು ಮತ್ತೊಂದರ ಬೇಸ್‌ಗೆ ಕೊಟ್ಟರೆ ಹೆಚ್ಚಳ ಸಾವಿರಾರು ಪಟ್ಟು ಆಗುತ್ತದೆ. ಈ ಜೋಡಣೆಗೆ ಡಾರ್ಲಿಂಗ್ಟನ್ ಜೋಡಿ ಎಂದು ಹೆಸರು. ನಮ್ಮ ಗಂಟೆಯ ಜೀವಾಳ ಇದೇ.

ಏನೇನು ಬೇಕು, ಎಷ್ಟು ಖರ್ಚು?

ಅಂಗಡಿಗೆ ಹೋಗುವಾಗ ಈ ಚೀಟಿ ಬರೆದುಕೊಳ್ಳಿ. ದರಗಳು ಅಂದಾಜಿನವು, ಅಂಗಡಿಯಿಂದ ಅಂಗಡಿಗೆ ಬೇರೆಯಾಗುತ್ತವೆ.

- ಬಿಸಿ 547 ಟ್ರಾನ್ಸಿಸ್ಟರ್, ಎರಡು. ಒಂದಕ್ಕೆ 2ರಿಂದ 5 ರೂಪಾಯಿ. ನಾಲ್ಕು ತನ್ನಿ, ಸುಟ್ಟರೆ ಇರಲಿ.
- ರೆಸಿಸ್ಟರ್, ಅಂದರೆ ಪ್ರವಾಹಕ್ಕೆ ತಡೆ ಒಡ್ಡುವ ಬಿಡಿಭಾಗ. 10 ಕಿಲೋ ಓಮ್‌ನದು ಒಂದು (ಪಟ್ಟಿ: ಕಂದು, ಕಪ್ಪು, ಕಿತ್ತಳೆ), 100 ಕಿಲೋ ಓಮ್‌ನದು ಒಂದು (ಕಂದು, ಕಪ್ಪು, ಹಳದಿ). ಒಂದೆರಡು ರೂಪಾಯಿ.
- ಕೆಪಾಸಿಟರ್, ಮೇಲೆ 104 ಎಂದು ಬರೆದ ಸಣ್ಣ ಬಿಲ್ಲೆ, ಒಂದು. ಇದು ಉದ್ದ ವೈರಿನಲ್ಲಿ ಹುಟ್ಟುವ ಗದ್ದಲವನ್ನು ಅಡಗಿಸುತ್ತದೆ.
- 3ರಿಂದ 24 ವೋಲ್ಟ್ ಎಂದು ಬರೆದ ಬಜರ್, ಒಂದು. 20ರಿಂದ 40 ರೂಪಾಯಿ. ಬ್ಯಾಟರಿ ಮುಟ್ಟಿಸಿದರೆ ತಾನೇ ಕೂಗುವಂಥದ್ದೇ ಬೇಕು. ಅಂಗಡಿಯಲ್ಲೇ ಮುಟ್ಟಿಸಿ ನೋಡಿ.
- ನಾಲ್ಕು ಪೆನ್ಸಿಲ್ ಸೆಲ್, ಅವುಗಳ ಹೋಲ್ಡರ್, ಒಂದು ಸಣ್ಣ ಸ್ವಿಚ್. ಎಲ್ಲ ಸೇರಿ 100 ರೂಪಾಯಿ ಸುಮಾರು.
- ತೂತುಗಳಿರುವ ಸಣ್ಣ ಬೋರ್ಡು, ಎರಡು ಎಳೆಯ ತೆಳು ವೈರ್, ಸ್ಟೇನ್‌ಲೆಸ್ ಸ್ಟೀಲ್ ತಿರುಪು ಮತ್ತು ನಟ್ಟು ಎರಡೆರಡು.

ಸಲಕರಣೆ ಬೇರೆ: 25 ವ್ಯಾಟ್‌ನ ಬೆಸುಗೆ ಕಡ್ಡಿ, ಬೆಸುಗೆ ತಂತಿ, ವೋಲ್ಟ್ ಅಳೆಯುವ ಸಾದಾ ಮಲ್ಟಿಮೀಟರ್, ಬ್ರೆಡ್‌ಬೋರ್ಡ್. ಇವಕ್ಕೆ ಒಟ್ಟು 600ರಿಂದ 900 ರೂಪಾಯಿ ಆದೀತು. ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತವೆ.

ಮೊಬೈಲ್ ಚಾರ್ಜರ್ ಯಾಕೆ ಬೇಡ, ಸೆಲ್ ಯಾಕೆ ಎಂದು ಕೇಳಬಹುದು. ಕಾರಣ ಎರಡು. ಒಂದು, ನೀರಿಗೆ ಇಳಿಯುವ ತಂತಿಗೂ ಮನೆಯ 230 ವೋಲ್ಟ್‌ಗೂ ಸಂಬಂಧವೇ ಇರಬಾರದು. ಅಗ್ಗದ ನಕಲಿ ಚಾರ್ಜರ್‌ಗಳಲ್ಲಿ ಆ ಭರವಸೆ ಇಲ್ಲ. ಎರಡು, ಕರೆಂಟ್ ಹೋದಾಗಲೂ ಗಂಟೆ ಕೂಗಬೇಕು. ಸುಮ್ಮನಿರುವಾಗ ಈ ಸರ್ಕ್ಯೂಟ್ ಹೆಚ್ಚುಕಡಿಮೆ ಏನೂ ತಿನ್ನುವುದಿಲ್ಲ. ಕೂಗುವಾಗ ಮಾತ್ರ 10ರಿಂದ 30 ಮಿಲಿಆಂಪಿಯರ್ ಬೇಕು. ಹಾಗಾಗಿ ಸೆಲ್‌ಗಳು ತಿಂಗಳುಗಟ್ಟಲೆ ಬರುತ್ತವೆ.

ಜೋಡಿಸುವ ಕ್ರಮ

ಮೊದಲು ಬ್ರೆಡ್‌ಬೋರ್ಡ್ ಮೇಲೆ ಜೋಡಿಸಿ. ಬೆಸುಗೆ ಇಲ್ಲದೆ ಬಿಡಿಭಾಗ ಸಿಗಿಸಿ ನೋಡುವ ಹಲಗೆ ಇದು. ನಡುಭಾಗದಲ್ಲಿ ಐದೈದು ತೂತುಗಳು ಒಳಗೇ ಒಂದಕ್ಕೊಂದು ಕೂಡಿರುತ್ತವೆ. ತಪ್ಪಾದರೆ ಕಿತ್ತು ಮತ್ತೆ ಸಿಗಿಸಿದರಾಯಿತು.

1. ಟ್ರಾನ್ಸಿಸ್ಟರ್‌ನ ಚಪ್ಪಟೆ ಮುಖ ನಿಮ್ಮ ಕಡೆ ಇರಲಿ, ಕಾಲು ಕೆಳಗಿರಲಿ. ಬಿಸಿ 547ರಲ್ಲಿ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್. ಬೇರೆ ನಂಬರಿನ ಟ್ರಾನ್ಸಿಸ್ಟರ್ ಆದರೆ ಕಾಲುಗಳ ಕ್ರಮ ಬದಲಾಗಬಹುದು, ಕೇಳಿಕೊಳ್ಳಿ.
2. ಮೊದಲ ಟ್ರಾನ್ಸಿಸ್ಟರ್‌ನ ಎಮಿಟರನ್ನು ಎರಡನೆಯದರ ಬೇಸ್‌ಗೆ ಕೂಡಿಸಿ. ಎರಡನೆಯದರ ಎಮಿಟರ್ ಬ್ಯಾಟರಿಯ ಮೈನಸ್‌ಗೆ ಹೋಗಲಿ.
3. ಎರಡೂ ಕಲೆಕ್ಟರ್‌ಗಳನ್ನು ಒಂದುಗೂಡಿಸಿ ಬಜರ್‌ನ ಕಪ್ಪು ವೈರಿಗೆ ಕೊಡಿ. ಬಜರ್‌ನ ಕೆಂಪು ವೈರ್ ಪ್ಲಸ್‌ಗೆ.
4. ಮೊದಲ ಟ್ರಾನ್ಸಿಸ್ಟರ್‌ನ ಬೇಸ್‌ನಿಂದ ಮೈನಸ್‌ಗೆ 100 ಕಿಲೋ ಓಮ್ ರೆಸಿಸ್ಟರ್ ಹಾಕಿ. ಅದರ ಪಕ್ಕದಲ್ಲೇ, ಅದೇ ಎರಡು ಜಾಗಕ್ಕೆ, 104 ಕೆಪಾಸಿಟರ್ ಹಾಕಿ.
5. ಅದೇ ಬೇಸ್‌ಗೆ 10 ಕಿಲೋ ಓಮ್ ರೆಸಿಸ್ಟರ್‌ನ ಒಂದು ತುದಿ. ಅದರ ಇನ್ನೊಂದು ತುದಿಯಿಂದ ನೀರಿಗೆ ಹೋಗುವ ಒಂದು ವೈರ್.
6. ನೀರಿಗೆ ಹೋಗುವ ಎರಡನೆಯ ವೈರ್ ನೇರವಾಗಿ ಪ್ಲಸ್‌ನಿಂದ. ಸ್ವಿಚ್ ಬ್ಯಾಟರಿಯ ಪ್ಲಸ್ ವೈರಿನ ನಡುವೆ, ಎಲ್ಲಕ್ಕೂ ಮೊದಲು, ಬರಲಿ.

ಈಗ ಎರಡೂ ವೈರಿನ ತುದಿಗಳನ್ನು ಒಂದು ಲೋಟ ನಳದ ನೀರಿನಲ್ಲಿ ಅದ್ದಿ. ತುದಿ ನೀರು ಮುಟ್ಟುತ್ತಲೇ ಬಜರ್ ಕೂಗಬೇಕು, ಎತ್ತಿದರೆ ನಿಲ್ಲಬೇಕು. ಒದ್ದೆ ಬೆರಳಿನಲ್ಲಿ ಎರಡೂ ತುದಿ ಒತ್ತಿ ಹಿಡಿದರೂ ಸಣ್ಣಗೆ ಕೂಗೀತು. ಇದು ಆರು ವೋಲ್ಟ್ ಮಾತ್ರ, ಶಾಕ್ ಹೊಡೆಯುವುದಿಲ್ಲ.

ಆ 100 ಕಿಲೋ ಓಮ್ ರೆಸಿಸ್ಟರ್ ಬಿಟ್ಟರೂ ಗಂಟೆ ಕೂಗುತ್ತದಲ್ಲ ಎಂದು ಅದನ್ನು ತೆಗೆದುಬಿಡಬೇಡಿ. ಮಳೆಗಾಲದ ತೇವಕ್ಕೆ ತಿರುಪುಗಳ ನಡುವೆ ಸೋರುವ ಚೂರುಪಾರು ಪ್ರವಾಹವನ್ನು ಅದು ಮೈನಸ್‌ಗೆ ಸಾಗಿಸುತ್ತದೆ. ಅದಿಲ್ಲದಿದ್ದರೆ ಜೂನ್ ತಿಂಗಳಿಡೀ ಸುಳ್ಳು ಗಂಟೆ.

ಎಲ್ಲ ಸರಿ ಕಂಡ ಮೇಲೆ ಇದೇ ಜೋಡಣೆಯನ್ನು ತೂತಿನ ಬೋರ್ಡಿಗೆ ಬೆಸೆಯಿರಿ. ಮೊದಲು ಕಾಲು ಮತ್ತು ಬೋರ್ಡಿನ ತಾಮ್ರ ಎರಡನ್ನೂ ಬೆಸುಗೆ ಕಡ್ಡಿಯಿಂದ ಎರಡು ಸೆಕೆಂಡ್ ಬಿಸಿ ಮಾಡಿ, ಆಮೇಲೆ ಬೆಸುಗೆ ತಂತಿ ಮುಟ್ಟಿಸಿ. ಬೆಸುಗೆ ಹೊಳೆಯುತ್ತ ಕಾಲಿನ ಸುತ್ತ ಹರಡಿ ಕೂಡಬೇಕು. ಮಾಸಲು ಗುಂಡಾಗಿ ನಿಂತರೆ ಸರಿಯಾಗಿ ಹಿಡಿದಿಲ್ಲ ಎಂದರ್ಥ. ಸಾಮಾನ್ಯ ಬೆಸುಗೆ ತಂತಿಯಲ್ಲಿ ಸೀಸ ಇರುತ್ತದೆ. ಕಿಟಕಿ ತೆರೆದಿಡಿ, ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಿರಿ.

ನಳದ ಬುಡದಲ್ಲಿ ಕೂಡಿಸುವುದು

ಒಂದು ಖಾಲಿ ಮೊಸರಿನ ಡಬ್ಬಿ ತೆಗೆದುಕೊಳ್ಳಿ. ತಳದಿಂದ ಒಂದು ಬೆರಳು ಮೇಲೆ, ಅರ್ಧ ಇಂಚು ಅಂತರದಲ್ಲಿ, ಎರಡು ಸ್ಟೀಲ್ ತಿರುಪು ಕೂಡಿಸಿ. ವೈರುಗಳು ಹೊರಗಡೆಯ ನಟ್ಟಿನಲ್ಲಿ ಸಿಕ್ಕಿರಲಿ. ಡಬ್ಬಿಯ ತಳಕ್ಕೆ ಸೂಜಿಯಿಂದ ಒಂದು ತೂತು ಮಾಡಿ ನಳದ ಕೆಳಗೆ ತೂಗು ಹಾಕಿ, ನಳ ತೆರೆದಿಡಿ.

ಈ ಸೂಜಿತೂತಿನಿಂದ ಎರಡು ಲಾಭ. ನೀರು ಬರುವ ಮುನ್ನ ಪೈಪಿನಿಂದ ಸುಂಯ್ ಎಂದು ಗಾಳಿ ಬರುತ್ತದೆ, ಜೊತೆಗೆ ನಾಲ್ಕು ಹನಿ ಉದುರುತ್ತವೆ. ಆ ಹನಿಗಳು ತೂತಿನಿಂದ ಇಳಿದು ಹೋಗುತ್ತವೆ, ಗಂಟೆ ಮೋಸ ಹೋಗುವುದಿಲ್ಲ. ನಿಜವಾಗಿ ನೀರು ಬಂದಾಗ ಮಾತ್ರ ಡಬ್ಬಿ ತುಂಬುತ್ತದೆ. ನಳ ನಿಂತ ಮೇಲೆ ಡಬ್ಬಿ ತಾನೇ ಖಾಲಿಯಾಗಿ, ಗಂಟೆ ಮುಂದಿನ ಸರದಿಗೆ ಸಿದ್ಧವಾಗಿರುತ್ತದೆ.

ಮೇಲಿನ ಟಾಕಿಯಲ್ಲಿ ಕೂಡಿಸುವುದು

ಇದಕ್ಕೆ ಇಂಥದ್ದೇ ಇನ್ನೊಂದು ಗಂಟೆ ಮಾಡಿಕೊಳ್ಳಿ. ಒಂದು ಪಿವಿಸಿ ಪೈಪಿನ ತುಂಡಿಗೆ ಎರಡು ತಿರುಪು ಹಾಕಿ, ಟಾಕಿಯ ಮುಚ್ಚಳದಿಂದ ಇಳಿಬಿಡಿ. ನೀರು ಹೊರಚೆಲ್ಲುವ ಕೊಳವೆಗಿಂತ ಮೂರು-ನಾಲ್ಕು ಇಂಚು ಕೆಳಗೆ ತಿರುಪುಗಳು ನಿಲ್ಲಬೇಕು. ಗಂಟೆ ಕೇಳಿ ಎದ್ದು ಮೋಟರ್ ಬಂದ್ ಮಾಡಲು ಅಷ್ಟು ಹೊತ್ತು ಸಾಕು.

ತಾಮ್ರದ ತಂತಿಯನ್ನು ನೇರ ನೀರಿಗೆ ಬಿಡಬೇಡಿ. ಪ್ರವಾಹ ಹರಿದಂತೆ ಪ್ಲಸ್ ಕಡೆಯ ತಾಮ್ರ ಸವೆದು ಹಸಿರುಗಟ್ಟುತ್ತದೆ. ಸೀಸದ ಬೆಸುಗೆಯಂತೂ ಕುಡಿಯುವ ನೀರು ಮುಟ್ಟಲೇಬಾರದು. ನೀರಿಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಇಳಿಯಲಿ. ಮಾಳಿಗೆಯಿಂದ ಮನೆಯೊಳಗೆ ತರುವ ವೈರನ್ನು ಪೈಪಿನೊಳಗೆ ಹಾಯಿಸಿ. ಬಿಸಿಲಿಗೆ ಅದರ ಹೊದಿಕೆ ಬಿರಿಯುತ್ತದೆ. ಧಾರವಾಡದ ಕಡೆಯವರಿಗೆ ಮಂಗ್ಯಾಗಳ ಕಾಟ ಹೇಳಬೇಕಿಲ್ಲ, ತೂಗಾಡುವ ವೈರ್ ಅವುಗಳ ಕೈಯಲ್ಲಿ ಒಂದು ವಾರ ಬಾಳುವುದಿಲ್ಲ. ಗುಡುಗು-ಸಿಡಿಲಿನ ಹೊತ್ತಿನಲ್ಲಿ ಮಾಳಿಗೆ ಹತ್ತಿ ಈ ಕೆಲಸ ಮಾಡಬೇಡಿ.

ಹಾಗಾದರೆ ಮೋಟರನ್ನೇ ತಾನಾಗಿ ಬಂದ್ ಮಾಡಿಸಬಹುದೇ? ಮಾಡಿಸಬಹುದು. ಆದರೆ ಅಲ್ಲಿ 230 ವೋಲ್ಟ್ ಬರುತ್ತದೆ. ಮೋಟರ್ ಶುರುವಾಗುವಾಗ ಎಳೆಯುವ ಪ್ರವಾಹಕ್ಕೆ ರಿಲೇ ಎಂಬ ಸಣ್ಣ ಸ್ವಿಚ್ಚಿನ ತುದಿಗಳು ಅಂಟಿಕೊಂಡುಬಿಡುತ್ತವೆ. ಅದಕ್ಕೆ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚೂ ಬಲ್ಲ ಎಲೆಕ್ಟ್ರಿಷಿಯನ್ನೂ ಬೇಕು. ಮೊದಲ ಪ್ರಯತ್ನದಲ್ಲೇ ಅದಕ್ಕೆ ಕೈ ಹಾಕಬೇಡಿ.

ಸರಿಯಾಗಿ ಕೂಗದಿದ್ದರೆ

ನೀರು ಮುಟ್ಟಿದರೂ ಸುಮ್ಮನಿದ್ದರೆ ಮೊದಲು ಸೆಲ್ ನೋಡಿ. ನಾಲ್ಕೂ ಸೇರಿ ಮಲ್ಟಿಮೀಟರ್‌ನಲ್ಲಿ 5 ವೋಲ್ಟ್‌ಗಿಂತ ಮೇಲೆ ತೋರಿಸಬೇಕು. ಆಮೇಲೆ ನೀರಿನ ಎರಡೂ ವೈರುಗಳನ್ನು ನೇರ ಒಂದಕ್ಕೊಂದು ಮುಟ್ಟಿಸಿ. ಆಗ ಕೂಗಿದರೆ ಸರ್ಕ್ಯೂಟ್ ಸರಿ ಇದೆ, ತೊಂದರೆ ತಿರುಪುಗಳಲ್ಲಿದೆ. ಆಗಲೂ ಕೂಗದಿದ್ದರೆ ಟ್ರಾನ್ಸಿಸ್ಟರ್ ತಿರುಗುಮುರುಗಾಗಿರಬಹುದು.

ಬೋರ್ ನೀರಿನ ಮನೆಗಳಲ್ಲಿ ಲವಣ ಹೆಚ್ಚು. ಅಲ್ಲಿ ಗಂಟೆ ಚೆನ್ನಾಗಿಯೇ ಕೂಗುತ್ತದೆ, ಆದರೆ ಕೆಲವು ತಿಂಗಳಲ್ಲಿ ತಿರುಪಿನ ಮೇಲೆ ಬಿಳಿ ಪದರು ಕಟ್ಟುತ್ತದೆ. ಲಿಂಬೆ ಹುಳಿಯಲ್ಲಿ ಉಜ್ಜಿದರೆ ಹೋಗುತ್ತದೆ. ಮಳೆನೀರಿನ ಟಾಕಿಯಲ್ಲಿ ಇದಕ್ಕೆ ತದ್ವಿರುದ್ಧ. ಅದರಲ್ಲಿ ಲವಣ ತೀರ ಕಡಿಮೆ, ಗಂಟೆ ಕ್ಷೀಣವಾಗಬಹುದು. ತಿರುಪುಗಳನ್ನು ಇನ್ನಷ್ಟು ಹತ್ತಿರ ತನ್ನಿ. ಆರ್‌ಒ ನೀರಿನಲ್ಲಿ ಪರೀಕ್ಷೆ ಮಾಡಿ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ, ಅದರ ಗುಣವೂ ಇದೇ.

ಎಲ್ಲಿ ಸಿಗುತ್ತದೆ, ಯಾರನ್ನು ಕೇಳಬೇಕು?

ಟಿವಿ, ಮಿಕ್ಸರ್ ರಿಪೇರಿ ಮಾಡುವವರು ಬಿಡಿಭಾಗ ತರುವ ಅಂಗಡಿಗಳೇ ನಿಮಗೂ ಬೇಕಾದವು. ನಿಮ್ಮ ಓಣಿಯ ರಿಪೇರಿಯವರನ್ನು ಕೇಳಿದರೆ ಹುಬ್ಬಳ್ಳಿ ಪೇಟೆಯಲ್ಲಿ ಯಾವ ಅಂಗಡಿ ಎಂದು ಹೇಳುತ್ತಾರೆ. ಬೆಂಗಳೂರಿಗೆ ಹೋಗುವ ಕೆಲಸವಿದ್ದರೆ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತದೆ. ಆನ್‌ಲೈನ್‌ನಲ್ಲೂ ಸಿಗುತ್ತದೆ, ಆದರೆ ಐದು ರೂಪಾಯಿಯ ಟ್ರಾನ್ಸಿಸ್ಟರ್‌ಗೆ ಐವತ್ತು ರೂಪಾಯಿ ಸಾಗಣೆ ಖರ್ಚು ಬೀಳುತ್ತದೆ.

ಸಂದೇಹ ಕೇಳಲು ಇಲ್ಲಿ ಜನರಿಗೆ ಕೊರತೆಯಿಲ್ಲ. ವಿದ್ಯಾನಗರದಲ್ಲಿ 1947ರಲ್ಲಿ ಶುರುವಾದ ಬಿ.ವಿ.ಬಿ. ಕಾಲೇಜು, ಅಂದರೆ ಈಗಿನ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ, ಮತ್ತು ಧಾರವಾಡದ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜಿನ ಹುಡುಗ-ಹುಡುಗಿಯರು ಪ್ರತಿ ಮೂರನೆಯ ಓಣಿಯಲ್ಲಿದ್ದಾರೆ. ನಿಮ್ಮ ಮಕ್ಕಳ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯೇ ವಿಚಾರಿಸಿ. ಆರರಿಂದ ಹನ್ನೆರಡನೆಯ ತರಗತಿಯವರಿಗಾಗಿ ಕೇಂದ್ರ ಸರ್ಕಾರದ ನೆರವಿನಿಂದ ನಡೆಯುವ ಪ್ರಯೋಗಶಾಲೆ ಅದು. ಬೆಸುಗೆ ಕಡ್ಡಿ, ಮೀಟರ್ ಅಲ್ಲೇ ಸಿಗಬಹುದು.

ಈ ಗಂಟೆ ಕೈಗೆ ಒಗ್ಗಿದ ಮೇಲೆ ಮುಂದಿನ ಹೆಜ್ಜೆ ನೋಡೆಎಂಸಿಯು. ವೈಫೈ ಇರುವ ಈ ಸಣ್ಣ ಕಂಪ್ಯೂಟರ್ ಬೋರ್ಡು ಸುಮಾರು 250ರಿಂದ 400 ರೂಪಾಯಿಗೆ ಸಿಗುತ್ತದೆ. ನೀವು ಬಜಾರಕ್ಕೆ ಹೋದಾಗಲೂ ನಳ ಬಂದ ಸುದ್ದಿಯನ್ನು ಮೊಬೈಲಿಗೆ ಮುಟ್ಟಿಸುವಂತೆ ಅದಕ್ಕೆ ಪ್ರೋಗ್ರಾಂ ಬರೆಯಬಹುದು. ಅದರ ಕಾಲುಗಳು ತಾಳುವುದು 3.3 ವೋಲ್ಟ್ ಮಾತ್ರ. ಈ ಆರು ವೋಲ್ಟ್‌ನ ಸರ್ಕ್ಯೂಟನ್ನು ನೇರ ಕೂಡಿಸಿದರೆ ಸುಟ್ಟುಹೋಗುತ್ತದೆ.

ಕೊನೆಗೊಂದು ಕೆಲಸ ಮರೆಯಬೇಡಿ. ನೀವು ಜೋಡಿಸಿದ ಸರ್ಕ್ಯೂಟಿನ ನಕ್ಷೆಯನ್ನು ಚೀಟಿಯಲ್ಲಿ ಬರೆದು, ಸೆಲ್ ಹಾಕಿದ ತಾರೀಖನ್ನೂ ಸೇರಿಸಿ, ಬೋರ್ಡು, ಸೆಲ್ ಇಟ್ಟ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಆರು ತಿಂಗಳಿಗೊಮ್ಮೆ ಸೆಲ್ ಸೋರಿದೆಯೇ ನೋಡಿ. ಪೇಟೆಯಿಂದ ತಂದ ಯಂತ್ರ ಕೆಟ್ಟರೆ ಬಿಸಾಡುತ್ತೇವೆ. ಇದು ಕೆಟ್ಟರೆ ನಕ್ಷೆ ನೋಡಿ ಮನೆಯಲ್ಲಿ ಯಾರು ಬೇಕಾದರೂ ಐದು ರೂಪಾಯಿಯಲ್ಲಿ ಸರಿಮಾಡಿಕೊಳ್ಳಬಹುದು.