ಫ್ರೆಟ್‌ಬೋರ್ಡ್ ನಿರ್ವಹಣೆ

ಫ್ರೆಟ್‌ಬೋರ್ಡ್ ಎಂಬುದು ಗಿಟಾರಿನ ಕತ್ತಿನ ಮೇಲೆ, ತಂತಿಗಳ ಕೆಳಗೆ ಅಂಟಿಸಲಾಗಿರುವ ಮರದ ಪಟ್ಟಿ. ಲೋಹದ ಫ್ರೆಟ್‌ಗಳನ್ನು ಇದರಲ್ಲಿ ಕೂರಿಸಲಾಗಿರುತ್ತದೆ. ಕೊಡಗಿನ ಕಾಡು ಹಾಗೂ ಕಾಫಿ ತೋಟಗಳಲ್ಲಿ ಬೆಳೆಯುವ ಬೀಟೆ ಜಾತಿಯ ಮರವು ಇಂಡಿಯನ್ ರೋಸ್‌ವುಡ್ ಎಂಬ ಹೆಸರಿನಿಂದ ಈ ಪಟ್ಟಿಗೆ ಬಳಕೆಯಾಗುತ್ತದೆ. ಡಾಲ್ಬರ್ಜಿಯಾ ಕುಲದ ಈ ಮರದ ಅಂತರರಾಷ್ಟ್ರೀಯ ವ್ಯಾಪಾರವು 2017ರಿಂದ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ. ಆದ್ದರಿಂದ ಇರುವ ವಾದ್ಯವನ್ನು ಕಾಪಾಡಿಕೊಳ್ಳುವುದು ಮುಖ್ಯವಾಗಿದೆ.

ಮೆರುಗು
ಬೀಟೆ, ಎಬೊನಿ ಪಟ್ಟಿಗಳಿಗೆ ಸಾಮಾನ್ಯವಾಗಿ ಮೆರುಗೆಣ್ಣೆ ಬಳಿಯುವುದಿಲ್ಲ. ಮೇಪಲ್ ಪಟ್ಟಿಗೆ ಬಳಿಯುತ್ತಾರೆ. ಆರೈಕೆಯ ಕ್ರಮವು ಈ ವ್ಯತ್ಯಾಸವನ್ನು ಅವಲಂಬಿಸಿದೆ.

ಶುಚಿಗೊಳಿಸುವಿಕೆ
ತಂತಿ ಬದಲಿಸುವಾಗ ಬೆವರು, ಕೊಳೆಯನ್ನು ಚೆನ್ನಾಗಿ ಹಿಂಡಿದ ಬಟ್ಟೆಯಿಂದ ತೆಗೆದು, ಕೂಡಲೇ ಒಣಬಟ್ಟೆಯಿಂದ ಒರೆಸಬೇಕು. ಮೆರುಗಿಲ್ಲದ ಪಟ್ಟಿಗೆ ವರ್ಷಕ್ಕೆ ಒಂದೆರಡು ಬಾರಿ ಕೆಲವು ಹನಿ ಮಿನರಲ್ ಎಣ್ಣೆ ಸವರಿ, ಹೆಚ್ಚಾದುದನ್ನು ಒರೆಸಿ ತೆಗೆಯಬೇಕು. ಅಡುಗೆ ಎಣ್ಣೆ ಕಮಟುವುದರಿಂದ ಸಲ್ಲದು. ಮೆರುಗು ಬಳಿದ ಪಟ್ಟಿಗೆ ಎಣ್ಣೆ ಬೇಕಿಲ್ಲ.

ಹವಾಮಾನ
ಮಳೆಗಾಲದಲ್ಲಿ ಶನಿವಾರಸಂತೆಯಂತಹ ಊರುಗಳಲ್ಲಿ ಮರವು ತೇವ ಹೀರಿ ಉಬ್ಬುತ್ತದೆ, ಬೂಷ್ಟು ಹಿಡಿಯಲೂಬಹುದು. ಬೇಸಿಗೆಯಲ್ಲಿ ಮರ ಕುಗ್ಗಿದರೆ ಫ್ರೆಟ್‌ಗಳ ತುದಿಗಳು ಹೊರಚಾಚುತ್ತವೆ. ಮಳೆಗಾಲದಲ್ಲಿ ವಾದ್ಯವನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಪೆಟ್ಟಿಗೆಯಲ್ಲಿರಿಸಿ, ಎಣ್ಣೆ ಸವರುವುದನ್ನು ಒಣಹವೆಯ ತಿಂಗಳುಗಳಿಗೆ ಇರಿಸಿಕೊಳ್ಳುವುದು ಉತ್ತಮ.